ಸಂಜಯ ಏನು ಮಾಡಿದ?

ಕನ್ನಡ ಎಂ.ಎ. ಓದಿದವರಿಗೆಲ್ಲ ‘ದುರ್ಯೋಧನ ವಿಲಾಪ’ ಎಂಬ ಪ್ರಶ್ನೆ ಗೊತ್ತಿರುತ್ತದೆ. ರನ್ನನ ‘ಗದಾಯುದ್ಧ’ ಪಠ್ಯದಲ್ಲಿದ್ದರೆ ಅದು ಬಂದೇ ಬರುತ್ತದೆ ಎಂದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾರೆ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಎಂದು ಹೆಣಗಳ ಕ್ರಮವನ್ನು ಬಾಯಿಪಾಠ ಮಾಡಿ, ಒಂದೊಂದಕ್ಕೂ ಒಂದು ಪದ್ಯ ಉದಾಹರಿಸಿ, ಕೊನೆಗೆ ‘ಹೀಗೆ ರನ್ನನು ಖಳನಾಯಕನಲ್ಲಿಯೂ ಮಾನವೀಯತೆಯನ್ನು ಕಂಡಿದ್ದಾನೆ’ ಎಂದು ಬರೆದರೆ ಅಂಕ ಸಿಗುತ್ತದೆ. ನಾನೂ ಹಾಗೇ ಬರೆದು ಪಾಸಾದವಳು. ಹಳಗನ್ನಡ ಕಾವ್ಯಗಳಲ್ಲಿನ ಶೋಕ ಎಂಬ ವಿಷಯ ಹಿಡಿದು ಸಂಶೋಧನೆಗೆ ಕೂತ ಮೇಲೂ ಎರಡು ವರ್ಷ ನನ್ನ ಕಣ್ಣು ಅಳುವವನ ಮೇಲೇ ಇತ್ತು. ಆ ಇಡೀ ದಾರಿಯಲ್ಲಿ ದುರ್ಯೋಧನನ ಪಕ್ಕದಲ್ಲಿ ಇನ್ನೊಬ್ಬ ನಡೆಯುತ್ತಿದ್ದಾನೆ. ಅವನು ಸಂಜಯ. ಅವನ ಬಗ್ಗೆ ಪ್ರಶ್ನೆ ಬಂದದ್ದನ್ನು ನಾನು ಯಾವ ಪ್ರಶ್ನೆಪತ್ರಿಕೆಯಲ್ಲೂ ನೋಡಿಲ್ಲ.

ತೊಂಬತ್ತೊಂಬತ್ತು ಜನ ತಮ್ಮಂದಿರಲ್ಲಿ ಒಬ್ಬನೂ ಉಳಿಯದ, ಮಗನನ್ನೂ ಗೆಳೆಯನನ್ನೂ ಕಳೆದುಕೊಂಡ ಮನುಷ್ಯನೊಬ್ಬ ಹೆಣಗಳ ನಡುವೆ ಎಡವುತ್ತ ಹೋಗುತ್ತಿದ್ದಾನೆ. ರಣರಂಗದ ಮರುಳುಗಳು ಅವನನ್ನು ಆಡಿಕೊಳ್ಳುತ್ತವೆ. (ಹಳಗನ್ನಡದಲ್ಲಿ ‘ಮರುಳ್’ ಎಂದರೆ ಪಿಶಾಚಿಯೂ ಹೌದು, ಬುದ್ಧಿ ಕೆಟ್ಟದ್ದೂ ಹೌದು.) ಇಂಥ ಹೊತ್ತಿನಲ್ಲಿ ಜೊತೆಗಿರುವವನ ಕೆಲಸ ಏನು? ಸಂಜಯ ಬುದ್ಧಿ ಹೇಳದವನೇನಲ್ಲ. ಹೇಳುತ್ತಾನೆ, ಅದಕ್ಕೆ ದುರ್ಯೋಧನನಿಂದ ಮಾತೂ ಕೇಳುತ್ತಾನೆ. ಆದರೂ ಬಿಟ್ಟು ಹೋಗುವುದಿಲ್ಲ. ದುರ್ಯೋಧನ ಒಂದು ಹೆಣದ ಮುಂದೆ ನಿಂತರೆ ಅವನೂ ನಿಲ್ಲುತ್ತಾನೆ, ನಡೆದರೆ ನಡೆಯುತ್ತಾನೆ. ಮಹಾಭಾರತದ ಬೇರೆಡೆ ಇದೇ ಸಂಜಯ ದಿವ್ಯದೃಷ್ಟಿಯಿಂದ ಯುದ್ಧವನ್ನು ಕಂಡು ಕುರುಡು ರಾಜನಿಗೆ ವರದಿ ಒಪ್ಪಿಸುವವನು. ರನ್ನನಲ್ಲಿ ಅವನ ಕಾಲಿಗೂ ರಕ್ತ ಮೆತ್ತಿದೆ. ದೂರದಿಂದ ನೋಡಿ ಹೇಳುವವನನ್ನು ಹೆಣದ ಹಾದಿಯಲ್ಲಿ ನಡೆಸಿದ್ದು ಚಿಕ್ಕ ಸಂಗತಿಯಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ದುರ್ಯೋಧನ ರೋಗಿಯಲ್ಲ. ಮಗ ಸತ್ತವನು ಅಳುವುದು ಕಾಯಿಲೆಯಲ್ಲ, ಹಳೆಯ ಕಾವ್ಯದ ಪಾತ್ರಗಳಿಗೆ ಇವತ್ತಿನ ಆಸ್ಪತ್ರೆಯ ಚೀಟಿ ಅಂಟಿಸುವ ವಿಮರ್ಶೆ ನನಗೆ ಅಷ್ಟಾಗಿ ಹಿಡಿಸುವುದೂ ಇಲ್ಲ. ನಾನು ಕೇಳುತ್ತಿರುವುದು ಕುಸಿಯುತ್ತಿರುವವನ ಬಗ್ಗೆ ಅಲ್ಲ, ಪಕ್ಕದಲ್ಲಿರುವವನ ಬಗ್ಗೆ. ನಮ್ಮ ಸಾಹಿತ್ಯ ಅವನನ್ನು ಹೇಗೆ ಕಂಡಿದೆ? ನಮ್ಮ ವಿಮರ್ಶೆ ಅವನನ್ನು ಕಂಡಿದೆಯೇ?

ಈ ಪ್ರಶ್ನೆ ಪುಸ್ತಕದಿಂದ ಹುಟ್ಟಲಿಲ್ಲ. ನಮ್ಮ ವಿಭಾಗದ ಗೆಳತಿಯೊಬ್ಬಳು ಕಳೆದ ವರ್ಷ ಮೆಲ್ಲಗೆ ಮಂಕಾಗುತ್ತ ಹೋದಳು. (ಇದನ್ನು ಬರೆಯಲು ಅವಳ ಒಪ್ಪಿಗೆ ಇದೆ, ಗುರುತಾಗುವ ವಿವರಗಳನ್ನು ಇಬ್ಬರೂ ಕೂತು ತೆಗೆದಿದ್ದೇವೆ.) ಮೊದಲು ಮೆಸ್ಸಿಗೆ ಬರುವುದು ನಿಂತಿತು, ಆಮೇಲೆ ಗ್ರಂಥಾಲಯಕ್ಕೆ. ಫೆಲೋಶಿಪ್ ತಿಂಗಳುಗಟ್ಟಲೆ ಬಂದಿರಲಿಲ್ಲ, ಅಧ್ಯಾಯ ತಿದ್ದಿಸಿಕೊಳ್ಳಲು ಹೋದಾಗಲೆಲ್ಲ ಕುಗ್ಗಿ ಬರುತ್ತಿದ್ದಳು. ನಾವೆಲ್ಲ ಪಿಎಚ್‌.ಡಿ. ಎಂದರೆ ಇಷ್ಟೇ ಎಂದುಕೊಂಡಿದ್ದೆವು, ಯಾಕೆಂದರೆ ನಮಗೂ ಹಾಗೇ ಆಗುತ್ತಿತ್ತು. ಒಂದು ಸಂಜೆ ತನ್ನ ಕಿಟೆಲ್ ನಿಘಂಟನ್ನು ತಂದು ನನ್ನ ಮೇಜಿನ ಮೇಲಿಟ್ಟು ‘ನಿನಗೇ ಇರ್ಲಿ, ನನಗಿನ್ನೇನು ಮಾಡೋದು’ ಎಂದಳು. ಹಳಗನ್ನಡ ಓದುವವಳು ಕಿಟೆಲ್ ಕೊಟ್ಟುಬಿಡುವುದೆಂದರೆ ಏನು? ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು ಎಚ್ಚರದ ಗಂಟೆ ಎಂದು ಎಲ್ಲೋ ಓದಿದ್ದೆ. ಹಿಂದೆಯೇ ಅವಳ ಕೋಣೆಗೆ ಹೋಗಿ ಸುತ್ತಿ ಬಳಸದೆ ಕೇಳಿದೆ: ‘ಸಾಯಬೇಕು ಅನ್ನಿಸ್ತಿದೆಯೇನೇ?’ ತುಂಬಾ ಹೊತ್ತಾದ ಮೇಲೆ ‘ಹೂಂ’ ಎಂದಳು.

ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿ ಎಷ್ಟು ಗಟ್ಟಿ ಎಂದರೆ ಓದಿದವರೂ ಬಾಯಿ ಬಿಡುವುದಿಲ್ಲ. ಮನೋವೈದ್ಯರು ಹೇಳುವುದು ಇದಕ್ಕೆ ವಿರುದ್ಧ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರಲು ಬಾಗಿಲು ಸಿಗುತ್ತದೆ. ಆ ರಾತ್ರಿ ಕೋಣೆಯಲ್ಲಿ ಅಪಾಯವೆನಿಸಿದ್ದನ್ನು ಅವಳ ಎದುರೇ ತೆಗೆದು ಬೇರೆ ಕಡೆ ಇಟ್ಟೆ, ಅಲ್ಲೇ ಮಲಗಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಇಬ್ಬರೂ ಕೂತು ಫೋನು ಮಾಡಿದೆವು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮರುದಿನ ಜಿಲ್ಲಾಸ್ಪತ್ರೆಗೆ ಬಸ್ಸು, ಹೊರರೋಗಿ ವಿಭಾಗದ ಚೀಟಿ, ಎರಡೂವರೆ ಗಂಟೆ ಬೆಂಚು. ಹಾಸ್ಟೆಲಿನ ಹೊಣೆ ಹೊತ್ತವರೊಬ್ಬರು ‘ಇಂಥದ್ದೆಲ್ಲ ನಮ್ಮ ರಿಸ್ಕಿಗೆ ಬೇಡಮ್ಮ, ಊರಿಗೆ ಕಳಿಸಿಬಿಡಿ’ ಎಂದರು. ಊರಿಂದ ಬಂದ ಅವಳ ಅವ್ವ ನನ್ನ ಕೈ ಹಿಡಿದುಕೊಂಡು ‘ಇದನ್ನ ಯಾರ ಮುಂದೂ ಹೇಳಬ್ಯಾಡ ನಮ್ಮವ್ವ’ ಎಂದರು. ಇಬ್ಬರದೂ ಹೆಚ್ಚುಕಡಿಮೆ ಒಂದೇ ಮಾತು, ಆದರೆ ಒಂದು ಕೇಳಿ ಸಿಟ್ಟು ಬಂತು, ಇನ್ನೊಂದು ಕೇಳಿ ಅಳು ಬಂತು.

ಆ ಬೆಂಚಿನ ಮೇಲೆ ಕೂತಾಗ ಸಹಜವಾಗಿ ನೆನಪಾದದ್ದು ತ್ರಿವೇಣಿಯವರ ‘ಶರಪಂಜರ’. ಕನ್ನಡದಲ್ಲಿ ಮನೋರೋಗ ಎಂದ ಕೂಡಲೇ ಬರುವ ಹೆಸರು ಅದೇ. ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಅದು ಓದದವರ ಮನೆಗೂ ಹೋಯಿತು. ನಮ್ಮ ಊರಿನಲ್ಲಿ ಹೆಂಗಸರು ಸ್ವಲ್ಪ ದನಿ ಎತ್ತರಿಸಿದರೆ ‘ಶರಪಂಜರದ ಕಲ್ಪನಾ ಥರ ಆಡಬೇಡ’ ಎಂಬ ಮಾತು ಇತ್ತು. ಆ ಕಾದಂಬರಿ ಯಾವ ನಡವಳಿಕೆಯ ಮೇಲೆ ಸಿಟ್ಟಾಗಿತ್ತೋ ಅದೇ ನಡವಳಿಕೆಗೆ ಅದರ ಹೆಸರನ್ನೇ ಬಳಸಿಕೊಂಡೆವು.

ಮನಶ್ಶಾಸ್ತ್ರ ಓದಿದ ತ್ರಿವೇಣಿ ‘ಬೆಕ್ಕಿನ ಕಣ್ಣು’, ‘ಮುಚ್ಚಿದ ಬಾಗಿಲು’ಗಳಲ್ಲೂ ಮನಸ್ಸಿನ ಒಳಗನ್ನು ಕಥೆಯ ವಸ್ತುವಾಗಿಸಿದವರು. 1963ರಲ್ಲಿ, ಇನ್ನೂ 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಮನಸ್ಸು ಕದಡುವುದನ್ನು ಬರೆದವರ ಬದುಕು ಬಾಣಂತನದಲ್ಲೇ ಮುಗಿದದ್ದನ್ನು ಓದುವಾಗ ಮರೆಯುವುದು ಕಷ್ಟ, ಆದರೆ ಅದನ್ನು ಕಾದಂಬರಿಯ ಅರ್ಥವಾಗಿಸುವುದು ಸರಿಯಲ್ಲ.

ಕಥೆ ಗೊತ್ತಿರುವುದೇ. ಕಾವೇರಿ ಓದಿದವಳು, ಗಂಡ ಸತೀಶ, ಅಚ್ಚುಕಟ್ಟಾದ ಸಂಸಾರ. ಬಾಣಂತನದಲ್ಲಿ ಅವಳ ಮನಸ್ಸು ಕೆಡುತ್ತದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಬಾಣಂತಿ ಸನ್ನಿ’ ಎಂಬ ಹೆಸರೇ ಇದೆ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವ, ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ, ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈಗ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ಘಟಕವಿದೆ. ಸನ್ನಿಯ ಮಾತಿನಲ್ಲಿ ಕಾವೇರಿಯ ಮದುವೆಗೆ ಮುಂಚಿನ ಒಂದು ಘಟನೆ ಹೊರಬೀಳುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ, ಆ ಮನೆಯಲ್ಲಿ ಅವಳ ಜಾಗ ಇಲ್ಲವಾಗಿರುತ್ತದೆ. ಗಂಡನ ಮನಸ್ಸು ಬೇರೊಬ್ಬಳ ಕಡೆ ಹೊರಳಿದೆ. ಅವಳು ಮತ್ತೆ ಕುಸಿಯುತ್ತಾಳೆ.

ವಿಮರ್ಶೆ ಈ ಕಾದಂಬರಿಯನ್ನು ಎರಡು ರೀತಿಯಲ್ಲಿ ಓದಿದೆ. ಮೊದಲನೆಯದು ಮನೋವೈಜ್ಞಾನಿಕ ಕಾದಂಬರಿ ಎಂಬ ಓದು. ಅದುಮಿಟ್ಟ ನೆನಪು, ಅಪರಾಧ ಭಾವ ಎಂಬ ಪಟ್ಟಿಯಲ್ಲಿ ಅದು ಮುಗಿಯುತ್ತದೆ. ಎರಡನೆಯದು ಸ್ತ್ರೀವಾದಿ ಓದು, ಇದು ಹೆಚ್ಚು ಬೆಲೆಯುಳ್ಳದ್ದು. ಯಾರು ಯಾರನ್ನು ಹುಚ್ಚಿ ಎನ್ನುತ್ತಾರೆ, ಗಂಡಿನ ಜಾರುವಿಕೆಗೆ ಇರುವ ಕ್ಷಮೆ ಹೆಣ್ಣಿಗೆ ಯಾಕಿಲ್ಲ ಎಂದು ಕೇಳಲು ನಮಗೆ ಕಲಿಸಿದ್ದು ಅದೇ. ವೈದೇಹಿಯವರ ‘ಅಕ್ಕು’ ಕಥೆಯಲ್ಲಿ ಮನೆಮಂದಿ ಕೆಣಕಿ ನಗುವ ಹೆಣ್ಣು ಆ ಮನೆಯ ಸುಳ್ಳುಗಳನ್ನೇ ಬಯಲಿಗೆ ತರುತ್ತಾಳೆ ಎಂದು ನೋಡಲು ಈ ಓದು ಬೇಕು. ಆದರೆ ಇತ್ತೀಚೆಗೆ ಸೆಮಿನಾರುಗಳಲ್ಲಿ ಹುಚ್ಚು ಎಂದರೆ ಪ್ರತಿರೋಧ ಎಂಬ ಸಮೀಕರಣ ಎಷ್ಟು ಸಲೀಸಾಗಿ ಬರುತ್ತದೆ ಎಂದರೆ, ಕಾಯಿಲೆ ಎಂಬ ಪದ ಬಳಸಿದರೆ ಹಿಂದುಳಿದವರಂತೆ ನೋಡುತ್ತಾರೆ. ಮೂರು ದಿನ ನಿದ್ದೆಯಿಲ್ಲದೆ ಗೋಡೆ ನೋಡುತ್ತ ಕೂತವಳ ಪಕ್ಕದಲ್ಲಿ ಕೂತಿದ್ದರೆ ಅದು ಪ್ರತಿರೋಧದ ಹಾಗೆ ಕಾಣುವುದಿಲ್ಲ. ಅದು ನೋವು, ಅದಕ್ಕೆ ಔಷಧಿ ಇದೆ, ಔಷಧಿ ಕೆಲಸ ಮಾಡಲು ಕೆಲವು ವಾರ ಬೇಕು. ಕಾವೇರಿ ಪಿತೃಪ್ರಾಧಾನ್ಯದ ರೂಪಕ ನಿಜ. ಅವಳು ಕಾಯಿಲೆಯಿಂದ ಎದ್ದುಬಂದ ಬಾಣಂತಿಯೂ ನಿಜ. ರೂಪಕ ಮಾಡುವ ಆತುರದಲ್ಲಿ ಅವಳಿಗೆ ಏನು ಬೇಕಿತ್ತು ಎಂದು ಯಾರೂ ಕೇಳುವುದಿಲ್ಲ.

ಸತೀಶನನ್ನು ಸರಳವಾಗಿ ಖಳನನ್ನಾಗಿ ಮಾಡಿದರೆ ಕಾದಂಬರಿ ಸುಲಭವಾಗುತ್ತದೆ. ಅವನು ಹೆಂಡತಿಯನ್ನು ದೇವಸ್ಥಾನದ ಕಂಬಕ್ಕೆ ಕಟ್ಟಿಹಾಕಿದವನಲ್ಲ, ತವರಿಗೆ ಅಟ್ಟಿದವನೂ ಅಲ್ಲ. ಆಸ್ಪತ್ರೆಗೆ ಸೇರಿಸಿದ, ಚಿಕಿತ್ಸೆ ಕೊಡಿಸಿದ. ಅವನ ಕಾಲಕ್ಕೆ ಅದು ಮುಂದುವರಿದ ಗಂಡನ ಲಕ್ಷಣ. ನೆರವು ಎಂದರೆ ಇಷ್ಟೇ ಎಂದಾದರೆ ಅವನು ಪೂರ್ತಿ ಅಂಕ ತೆಗೆದುಕೊಳ್ಳಬೇಕು. ಆದರೆ ಈ ಸಲ ಓದುವಾಗ ನನಗೆ ಕಂಡದ್ದು ಬೇರೆ. ಕಾಯಿಲೆಯ ದಿನಗಳಲ್ಲಿ ಕಾವೇರಿ ಆಡಿದ ನೂರು ಮಾತುಗಳಲ್ಲಿ ತೊಂಬತ್ತೊಂಬತ್ತನ್ನು ಎಲ್ಲರೂ ಸನ್ನಿ ಎಂದು ತಳ್ಳಿಹಾಕುತ್ತಾರೆ, ಹಳೆಯ ಘಟನೆಯ ಒಂದೇ ಮಾತನ್ನು ಮಾತ್ರ ಗಂಡ ಸತ್ಯಸಾಕ್ಷ್ಯವೆಂದು ಎತ್ತಿಟ್ಟುಕೊಳ್ಳುತ್ತಾನೆ. ಗುಣವಾಗಿ ಬಂದ ಮೇಲೆ ಅವಳು ಪೂರ್ಣ ಬುದ್ಧಿಯಿಂದ ಆಡುವ ಮಾತುಗಳಿಗೆ ಅದೇ ಮನೆಯಲ್ಲಿ ಬೆಲೆಯಿಲ್ಲ. ಸಿಟ್ಟು ಬಂದರೆ ಕಾಯಿಲೆ ಮರುಕಳಿಸಿತೇ ಎಂಬ ನೋಟ, ನಕ್ಕರೂ ಅದೇ ನೋಟ. ಹುಚ್ಚಿಯಾಗಿದ್ದಾಗ ನಂಬಿದರು, ಹುಚ್ಚು ಹೋದ ಮೇಲೆ ನಂಬಲಿಲ್ಲ. ಈ ತಿರುವುಮುರುವನ್ನು ತ್ರಿವೇಣಿ ಎಲ್ಲೂ ಬೆರಳಿಟ್ಟು ತೋರಿಸುವುದಿಲ್ಲ, ಕಾದಂಬರಿಯ ಎರಡು ಅರ್ಧಗಳನ್ನು ಹಾಗೆ ಜೋಡಿಸಿ ಸುಮ್ಮನಾಗುತ್ತಾರೆ. ಅವರು ಜನಪ್ರಿಯ ಲೇಖಕಿ ಎಂಬ ಒಂದೇ ಕಾರಣಕ್ಕೆ ಇಂಥ ಕುಸುರಿ ನಮಗೆ ಕಾಣದೆ ಹೋಗಿದೆ ಎಂದು ನನ್ನ ಅನುಮಾನ.

ಶೀರ್ಷಿಕೆಯ ಬಗ್ಗೆಯೂ ಒಂದು ಮಾತು. ಬಾಣಗಳ ಪಂಜರ ಎಂದರೆ ಚುಚ್ಚುವ ಮಾತುಗಳು ಎಂದು ಎಲ್ಲರೂ ಹೇಳುತ್ತೇವೆ. ಮಹಾಭಾರತದಲ್ಲಿ ಬಾಣಗಳಿಂದ ಮಾಡಿದ ಇನ್ನೊಂದು ಹೊದಿಕೆ ಇದೆ. ಖಾಂಡವವನ ಉರಿಯುವಾಗ ಇಂದ್ರ ಮಳೆ ಸುರಿಸುತ್ತಾನೆ, ಅರ್ಜುನ ಬಾಣಗಳನ್ನು ಹೆಣೆದು ಆ ಮಳೆಯ ಒಂದು ಹನಿಯೂ ಕಾಡಿಗೆ ಬೀಳದಂತೆ ತಡೆಯುತ್ತಾನೆ. ದೂರದಿಂದ ನೋಡಿದವರಿಗೆ ಅದು ಕಾಡಿನ ಮೇಲಿನ ಚಪ್ಪರದಂತೆ, ರಕ್ಷಣೆಯಂತೆ ಕಾಣಬೇಕು. ಅದು ಕಾಯುತ್ತಿದ್ದದ್ದು ಕಾಡನ್ನಲ್ಲ, ಬೆಂಕಿಯನ್ನು. ತ್ರಿವೇಣಿಗೆ ಇದು ಮನಸ್ಸಿನಲ್ಲಿತ್ತು ಎಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ‘ಯಾರ ಮುಂದೂ ಹೇಳಬ್ಯಾಡ’ ಎಂಬ ಮಾತನ್ನು ಕೇಳಿದ ಮೇಲೆ ಕಾವೇರಿಯ ಮನೆಯವರ ಕಾಳಜಿ ನನಗೆ ಆ ಚಪ್ಪರದ ಹಾಗೇ ಕಾಣುತ್ತದೆ. ಮರ್ಯಾದೆಗೆ ಹೆದರಿ ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ.

ತ್ರಿವೇಣಿ ಬರೆಯುತ್ತಿದ್ದ ಹೊತ್ತಿಗೇ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರು ರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿ ಉಳಿಸಿಕೊಳ್ಳುತ್ತಿದ್ದರು. ಕಾಯಿಲೆ ಏನೆಂದು ಮನೆಯವರಿಗೆ ಅರ್ಥವಾಗದಿದ್ದರೆ ಗುಣವಾದವರು ಹೋಗುವುದೆಲ್ಲಿಗೆ ಎಂಬ ಯೋಚನೆ ಅದರ ಹಿಂದಿತ್ತು. ಬಂಧುವೊಬ್ಬರು ಜೊತೆಗೆ ಉಳಿಯುವ ಪದ್ಧತಿ ಆಮೇಲೆ ನಮ್ಮ ದೇಶದ ಬೇರೆ ಆಸ್ಪತ್ರೆಗಳಿಗೂ ಬಂತು, ನಿಮ್ಹಾನ್ಸ್‌ಗೂ ಬಂತು. ‘ಶರಪಂಜರ’ದಲ್ಲಿ ಚಿಕಿತ್ಸೆ ಸಿಕ್ಕಿದ್ದು ಕಾವೇರಿಗೆ ಮಾತ್ರ. ಮನೆ ಹಾಗೇ ಉಳಿಯಿತು.

ಇನ್ನು ನಮ್ಮ ಭಾಷೆಯ ವಿಚಾರ. ‘ಖಿನ್ನತೆ’ ಎಂಬುದು ಪತ್ರಿಕೆಯ ಪದ, ಅದನ್ನು ಹೇಳಿಕೊಂಡು ಆಸ್ಪತ್ರೆಗೆ ಬಂದವರನ್ನು ನಾನು ಆ ಬೆಂಚಿನ ಮೇಲೆ ಕಾಣಲಿಲ್ಲ. ತಲೆ ಭಾರ, ಎದೆ ಉರಿ, ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎನ್ನುತ್ತಿದ್ದರು. ಪಕ್ಕದವರ ಭಾಷೆಯೂ ಸಿದ್ಧವಾಗಿರುತ್ತದೆ: ಮನಸ್ಸಿಗೆ ಹಚ್ಕೋಬೇಡ, ಧೈರ್ಯ ತಂದ್ಕೋ, ನಿನಗೇನು ಕಮ್ಮಿಯಾಗಿದೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮದು ಇನ್ನೂ ಒಂದು ತೂಕ ಹೆಚ್ಚು, ನಾವು ಕಗ್ಗ ಕಳಿಸುತ್ತೇವೆ. ಗೆಳತಿಯ ಫೋನಿಗೆ ಆ ತಿಂಗಳು ಬಂದ ಮಂಕುತಿಮ್ಮನ ಪದ್ಯಗಳನ್ನು ಅವಳೇ ಆಮೇಲೆ ಎಣಿಸಿ ನಕ್ಕಳು. ಡಿ.ವಿ.ಜಿ.ಯವರ ಮೇಲೆ ನನ್ನ ತಕರಾರಿಲ್ಲ. ಕಗ್ಗ ಬದುಕಿನ ಮುಂದೆ ತಾನೇ ಮಂಕಾಗಿ ನಿಂತವನೊಬ್ಬ ತನಗೇ ಹೇಳಿಕೊಳ್ಳುವ ಕಾವ್ಯ. ಅದನ್ನು ಕಿತ್ತು ಇನ್ನೊಬ್ಬರ ಕೈಗೆ ಗುಳಿಗೆಯಂತೆ ಕೊಟ್ಟರೆ, ಮಾತಾಡಬೇಕಾದವಳ ಸರದಿಯನ್ನು ನಾವು ಕಸಿದುಕೊಂಡ ಹಾಗೆ.

ಕನ್ನಡದಲ್ಲಿ ಬೇರೆ ದಾರಿಯೂ ಇತ್ತು. ‘ಕೊರವಂಜಿ’ಯನ್ನು ನಡೆಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ವೈದ್ಯರೂ ಆಗಿದ್ದರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಭಾಷೆ ತನ್ನ ದೊಡ್ಡ ಸಾಹಿತ್ಯ ಪ್ರಶಸ್ತಿಯನ್ನು ಇಂಥ ಪುಸ್ತಕಕ್ಕೆ ಪಡೆದುಕೊಂಡದ್ದು ಹೆಮ್ಮೆಯ ವಿಷಯ. ನಾನು ಕೇಳಿದ ಯಾವ ಸಾಹಿತ್ಯ ಚರಿತ್ರೆಯ ಪಾಠದಲ್ಲೂ ಅದರ ಸುದ್ದಿ ಬರಲಿಲ್ಲ, ಹಾಸ್ಯ ಸಾಹಿತ್ಯದ ಪುಟದಲ್ಲಿ ರಾಶಿಯವರ ಹೆಸರು ಬಂದು ಹೋಗುತ್ತದೆ.

ಮತ್ತೆ ರನ್ನನಿಗೆ ಬರುತ್ತೇನೆ, ಯಾಕೆಂದರೆ ಅಲ್ಲಿ ಇನ್ನೂ ಒಂದು ಸಂಗತಿ ಬಾಕಿ ಇದೆ. ಅಭಿಮನ್ಯುವಿನ ಹೆಣದ ಮುಂದೆ ದುರ್ಯೋಧನ ವೈರಿಯ ಮಗನಿಗೆ ಕೈಮುಗಿದು, ಅಂಥದೇ ಸಾವು ತನಗೂ ಬರಲಿ ಎಂದು ಬೇಡುತ್ತಾನೆ. ಮೇಷ್ಟ್ರುಗಳು ಇದನ್ನು ಅವನ ವೀರಗುಣಗ್ರಹಣ ಎಂದು ಪಾಠ ಮಾಡುತ್ತಾರೆ, ಅದು ತಪ್ಪಲ್ಲ. ಆದರೆ ಪಕ್ಕದಲ್ಲಿ ನಿಂತು ಕೇಳುವವನಿಗೆ ಅದು ಸಾವಿನ ಬಯಕೆಯೂ ಹೌದು. ಇದಾದ ಮೇಲೆ ಮಗನ ಹೆಣ, ತಮ್ಮನ ಹೆಣ, ಗೆಳೆಯನ ಹೆಣ. ಕರ್ಣನ ಎದುರು, ಇವನು ಯಾರ ಮಗನೆಂದು ತನಗೆ ಗೊತ್ತಿತ್ತು ಎಂಬುದನ್ನೂ ಹೇಳಿಬಿಡುತ್ತಾನೆ. ಇಷ್ಟು ದಿನ ಯಾರಿಗೂ ಹೇಳದ್ದು. ಸಂಜಯ ಅದನ್ನು ಕೇಳಿಸಿಕೊಳ್ಳುತ್ತಾನೆ. ಸತೀಶನ ಹಾಗೆ ಎತ್ತಿಟ್ಟುಕೊಳ್ಳುವುದಿಲ್ಲ. ಅಲ್ಲಿಂದ ಅವನನ್ನು ಕರೆದೊಯ್ಯುವುದು ಭೀಷ್ಮನ ಬಳಿಗೆ, ತನ್ನಿಂದಾಗದ್ದನ್ನು ಮಾಡಬಲ್ಲ ಹಿರಿಯನ ಬಳಿಗೆ. ಆ ಹಿರಿಯನೂ ಬಾಣಗಳ ಮೇಲೇ ಮಲಗಿದ್ದಾನೆ.

ಭೀಷ್ಮ ಮೊದಲು ಸಂಧಿ ಮಾಡಿಕೋ ಎನ್ನುತ್ತಾನೆ. ದುರ್ಯೋಧನ ಒಪ್ಪುವುದಿಲ್ಲ. ಆಗ ಅಜ್ಜ ವಾದ ಬೆಳೆಸದೆ ಕೇಳುವುದನ್ನು ಚಿಕ್ಕದು ಮಾಡುತ್ತಾನೆ: ಇವತ್ತೊಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿರು, ನಾಳೆ ಬಲರಾಮ ಬರುತ್ತಾನೆ. ಇಡೀ ಬದುಕನ್ನು ಬದಲಿಸು ಎಂದು ಕೇಳಿ ಸೋತವನು ನಾಳೆಯವರೆಗೆ ಇರು ಎಂದು ಕೇಳುತ್ತಾನೆ. ನಮ್ಮ ಆಸ್ಪತ್ರೆಯ ಡಾಕ್ಟರು ಗೆಳತಿಗೆ ಮೊದಲ ದಿನ ಹೇಳಿದ್ದೂ ಇಷ್ಟೇ. ಮುಂದಿನ ಸೋಮವಾರ ಬನ್ನಿ, ಅಲ್ಲಿಯವರೆಗೆ ಏನು ಅನ್ನಿಸಿದರೂ ಇವರಿಗೆ ಹೇಳಿ, ಎಂದು ನನ್ನ ಕಡೆ ತೋರಿಸಿದರು. ಆಮೇಲೆ ಎಷ್ಟೋ ಸೋಮವಾರಗಳಾದವು, ಈಗ ಅವಳು ಒಬ್ಬಳೇ ಹೋಗಿ ಬರುತ್ತಾಳೆ. ಕಿಟೆಲ್ ವಾಪಸು ಒಯ್ದಿದ್ದಾಳೆ.

ದುರ್ಯೋಧನನಿಗೆ ಆ ಒಂದು ದಿನ ಸಿಗಲಿಲ್ಲ. ಸರೋವರಕ್ಕೆ ಇಳಿದವನು ಅವನೊಬ್ಬನೇ. ಹೆಜ್ಜೆ ಗುರುತು ಹಿಡಿದು ಬಂದ ಭೀಮ ದಡದಲ್ಲಿ ನಿಂತು ಮೂದಲಿಸುತ್ತಾನೆ, ನೀರಿನೊಳಗಿದ್ದವನು ಅದನ್ನು ಕೇಳಿ ತಡೆಯಲಾರದೆ ಮೇಲೇಳುತ್ತಾನೆ. ಆ ಪದ್ಯಗಳ ಅಬ್ಬರಕ್ಕೆ ನಾವು ಮನಸೋತಿದ್ದೇವೆ. ತರಗತಿಯಲ್ಲಿ ಅವನ್ನು ಗಟ್ಟಿಯಾಗಿ ಓದಿಸುತ್ತಾರೆ, ಗಮಕಿಗಳು ಅಲ್ಲಿಗೆ ಬಂದಾಗ ಸಭೆ ನೆಟ್ಟಗೆ ಕೂರುತ್ತದೆ. ದಡದ ಮೇಲೆ ನಿಂತು ಕೂಗುವವನ ದನಿಗೆ ನಮ್ಮ ಕಿವಿ ಅಷ್ಟು ಚೆನ್ನಾಗಿ ಪಳಗಿದೆ. ಸಂಜಯನ ಪದ್ಯಗಳನ್ನು ಮಾತ್ರ ಒಟ್ಟಿಗೆ ಇಟ್ಟುಕೊಂಡು ನಾಲ್ಕನೆಯ ಅಧ್ಯಾಯ ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಅದಕ್ಕೆ ಇಪ್ಪತ್ತು ಪುಟ ಸಾಕು ಎಂದಿದ್ದಾರೆ, ಈಗಲೇ ಮೂವತ್ತೈದು ದಾಟಿದೆ.